ಕೀಲೆಣ್ಣೆ ಕುಡಿದ ಫಟಫಟಿ

"ಈ ಬರ್ಫ ಕರಗೂದ್ರಾಗ ನನ್ನ ಕುರೀಗಿ ಮುಟ್ಟಸ್ತೀಯೋ ತಮ್ಮಾ, ಇಲ್ಲಾ ಮಾತನ್ಯಾಗ ಕರಗಸ್ತೀಯೋ?"

ಫಟಫಟಿ ಮೋಟರ್‌ಸೈಕಲ್ಲಿನ ಮಗ್ಗುಲಿಗೆ ಜೋಡಿಸಿದ ಬಾಜೂಗಾಡಿಯಲ್ಲಿ, ಮಂಜುಗಡ್ಡೆ ತುಂಬಿದ ಲಸಿಕೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮುದಕವ್ವ ಕೇಳಿದಳು. ದಡ್ಡಿ ಊರಿನ ಹೊಳೆಯಾಚೆಯ ಗುಡ್ಡದಲ್ಲಿ ಅವಳ ಮುನ್ನೂರು ಕುರಿಗಳಿಗೆ ಬೇನೆ ತಗುಲುವ ಲಕ್ಷಣವಿತ್ತು. ಬರ್ಫ ಕರಗಿದರೆ ಲಸಿಕೆಯೂ ಸತ್ತಂತೆಯೇ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ಹೊತ್ತು ಮುಣುಗೂದ್ರಾಗ ಮುಟ್ಟಸ್ತೇನಿ ಯವ್ವಾ," ಎಂದ ಉದ್ದಪ್ಪ. ಗೋಕಾಕದ ದನದ ದವಾಖಾನೆಯ ಕಂಪೌಂಡರ್ ಅವನು. ಫಟಫಟಿ ಬಿಚ್ಚಿ ಜೋಡಿಸುವುದನ್ನು ಯಾರೂ ಕಲಿಸದೆ ತಾನೇ ಕಲಿತವನು. ಹಿಂದಿನ ಸೀಟಿನಲ್ಲಿ ಅವನ ಅಲ್ಲಪ್ಪ ಕಾಕಾ. ನಲವತ್ತು ವರ್ಷ ಎತ್ತಿನ ಬಂಡಿ ಹೊಡೆದ ಆಸಾಮಿ, ಈಗ ಎತ್ತಿಲ್ಲದ ಬಂಡಿಯ ಸುಖ ನೋಡಲು ಹೊರಟಿದ್ದ.

ಹುಕ್ಕೇರಿ ದಾಟಿದ ಮೇಲೆ ಬಯಲು ಮುಗಿದು ಗುಡ್ಡಗಳು ಎದ್ದವು. ಆಯುಧ ಪೂಜೆಯ ಮಹಾನವಮಿ ಮುಗಿದು ಎರಡೇ ದಿನ. ಮಳೆ ಉಂಡ ಹುಲ್ಲು ಸೊಂಟದೆತ್ತರ ಬೆಳೆದು, ಗಾಳಿ ಬೀಸಿದಾಗಲೆಲ್ಲ ಇಡೀ ಗುಡ್ಡವೇ ಮಗ್ಗುಲು ಬದಲಿಸಿದಂತೆ ಕಾಣುತ್ತಿತ್ತು. ಕೆಳಗೆ ಘಟಪ್ರಭೆ ಕೆಂಪಗೆ ಹರಿಯುತ್ತಿದ್ದಳು. ಬೆಳಗಿನಿಂದ ಗೇರು ಬದಲಿಸಿದಾಗಲೆಲ್ಲ ಗಾಡಿ ಕರ್ರೆನ್ನುತ್ತಿತ್ತು. ಗಾಡಿಗೆ ವಯಸ್ಸಾಯಿತಲ್ಲ ಎಂದುಕೊಂಡು ಉದ್ದಪ್ಪ ಓಡಿಸುತ್ತಲೇ ಬಂದಿದ್ದ.

ಹೊಳೆಯ ಇಳಿಜಾರು ಬಂತು.

ಉದ್ದಪ್ಪ ಕ್ಲಚ್ ಹಿಡಿದ. ಎಂಜಿನ್ನು ಗಾಲಿಯನ್ನು ಬಿಡಲಿಲ್ಲ!

ಬ್ರೇಕು ಒತ್ತಿದ. ಗಾಡಿ ಎಳೆಯುತ್ತಲೇ ಇತ್ತು. ನೀರು ಹತ್ತಿರ ಬಂತು.

"ಕಾಕಾ, ಜಿಗಿ! ಹಿಂದ ಜಗ್ಗು!"

ಅಲ್ಲಪ್ಪ ಜಿಗಿದು, ಮೊಂಡ ಎತ್ತಿನ ಬಾಲ ಹಿಡಿದಂತೆ ಹಿಡಿದು ಜಗ್ಗಿದ. ಉದ್ದಪ್ಪ ಎಂಜಿನ್ ಬಂದ್ ಮಾಡಿದ. ಮುಂಗಾಲಿ ಹೊಳೆಯಲ್ಲಿ ಮುಳುಗಿ, ಗಾಡಿ ನಿಂತಿತು. ಮುದಕವ್ವ ಪೆಟ್ಟಿಗೆಯನ್ನು ತಲೆಯ ಮೇಲೆತ್ತಿ ಹಿಡಿದಿದ್ದಳು.

ಎರಡು ನಾವೆ ಕಟ್ಟಿ ಹಲಗೆ ಹಾಸಿಕೊಂಡು ಕಾಯುತ್ತಿದ್ದ ಅಂಬಿಗ ಯಲ್ಲಾರಿ ಹುಟ್ಟು ಅಡ್ಡ ಹಿಡಿದ. "ಇಂಥಾದ್ದನ್ನ ನನ್ನ ನಾವಿ ಹತ್ತಸಬ್ಯಾಡ್ರಿ. ಈ ಕಡೆ ಹತ್ತಿ ಆ ಕಡೆ ಹೊಳಿಗಿ ಇಳಿತೈತಿ!"

"ಖರೆ ಐತಿ," ಎಂದ ಉದ್ದಪ್ಪ. ಆಚೆ ದಡದ ದಾರಿಗೂ ಒಂದು ಬದಿ ಕಣಿವೆಯೇ.

ಮುದಕವ್ವ ಹೆಗಲ ಕಂಬಳಿ ತೆಗೆದು ಪೆಟ್ಟಿಗೆಗೆ ಬಿಗಿದು ಸುತ್ತಿದಳು.

"ಅಯ್ಯ, ಬರ್ಫಕ್ಕ ಚಳಿ ಆಗೇತೇನ?" ಅಲ್ಲಪ್ಪ ನಕ್ಕ.

"ಚಳಿ ಒಳಗ ಬಿಡದ ಕಂಬಳಿ ಬಿಸಲ ಒಳಗ ಬಿಡತೈತೇನು? ನೀ ಬಂಡಿ ನೋಡಪಾ."

ಗಂಡಸರು ಮೂವರೂ ಸೇರಿ ಗಾಡಿಯನ್ನು ಮೇಲೆ ತಂದು, ಚೌಕಟ್ಟಿನ ಕೆಳಗೆ ಕಲ್ಲು ಕೊಟ್ಟು, ಹಿಂಗಾಲಿಯನ್ನು ನೆಲದಿಂದ ಎತ್ತಿದರು. ಉದ್ದಪ್ಪ ಯಾವ ಗೇರಿಗೂ ಹಾಕದೆ, ನ್ಯೂಟ್ರಲಿನಲ್ಲೇ ಎಂಜಿನ್ ಚಾಲೂ ಮಾಡಿದ. ಸುಮ್ಮನಿರಬೇಕಾದ ಗಾಲಿ ಗರಗರ ತಿರುಗಿತು. ಕ್ಲಚ್ ಹಿಡಿದ, ಆಗಲೂ ತಿರುಗಿತು. ಎಂಜಿನ್ ನಿಲ್ಲಿಸಿ ಕೈಯಿಂದ ತಿರುವಿದ. ಕೆಸರಿನಲ್ಲಿ ಹೂತಂತೆ ಭಾರವಾಗಿ ತಿರುಗಿತು, ಆದರೆ ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

"ಗೇರಿನ ಹಲ್ಲು ಮುರದಿಲ್ಲ. ಒಳಗ ಏನೋ ಅಂಟಕೊಂಡೈತಿ."

ಕ್ಲಚ್ಚಿನ ಮುಚ್ಚಳ ಬಿಚ್ಚಿದ. ಪ್ಲೇಟುಗಳು ಬಿಸಿ ಹೋಳಿಗೆಯಂತೆ ಒಂದಕ್ಕೊಂದು ಹತ್ತಿಕೊಂಡಿದ್ದವು. ನಡುವೆ ಕರ್ರಗಿನ ಅಂಟು. ಮೂಸಿ ನೋಡಿದ. ಹರಳೆಣ್ಣೆ! ಸುಟ್ಟ ಹುಲ್ಲಿನ ಬೂದಿ ಬೇರೆ!

ಅಲ್ಲಪ್ಪ ಹೊಳೆಯ ಕಡೆ ನೋಡತೊಡಗಿದ.

"ಕಾಕಾ…"

"ಖಂಡೇನವಮಿಗಿ ಬಂಡಿ ಅಚ್ಚಿಗಿ ಕೀಲೆಣ್ಣಿ ಹಾಕಿದ್ನಿ. ಇದನ್ನೊಂದನ್ನ ಒಣಾ ಹೆಂಗ ಬಿಡೂದು? ಇದೂ ಮನಿ ಬಂಡೀನ ಅಲ್ಲೇನೋ? ಎರಡು ತೂತಿದ್ದೂ, ಎರಡಕ್ಕೂ ಹಾಕಿದ್ನಿ."

ಗೇರುಪೆಟ್ಟಿಗೆಗೂ! ಬೈಯಬೇಕೆಂದು ಬಾಯಿ ತೆರೆದ ಉದ್ದಪ್ಪನಿಗೆ ನಗು ಬಂತು. ಮುದಕವ್ವ ಕಂಬಳಿಯ ಪೆಟ್ಟಿಗೆ ಅಪ್ಪಿಕೊಂಡು ಬಿದ್ದು ಬಿದ್ದು ನಕ್ಕಳು.

"ಯಲ್ಲಾರಿ, ನಿನ್ನ ಕಂದೀಲಿನ ಚಿಮಣಿ ಎಣ್ಣಿ ಕೊಡ. ಕಾಕಾ, ಹಾಕಿದಾಂವ ನೀನ, ತೊಳಿಯಾಂವ ನೀನ."

ಅಲ್ಲಪ್ಪ ತನ್ನ ಹೊಸ ರುಮಾಲು ಹರಿದು, ಸೀಮೆಎಣ್ಣೆಯಲ್ಲಿ ಅದ್ದಿ, ಪ್ಲೇಟುಗಳನ್ನು ಒಂದೊಂದಾಗಿ ತಿಕ್ಕಿದ. ಉದ್ದಪ್ಪ ಗೇರುಪೆಟ್ಟಿಗೆ ಬಸಿದು, ತೊಳೆದು, ಗಾಡಿಯಲ್ಲಿಟ್ಟುಕೊಂಡಿದ್ದ ಬಾಟಲಿಯ ತಿಳಿ ಎಣ್ಣೆಯನ್ನು ಎರಡಕ್ಕೂ ಹಂಚಿ ಹಾಕಿದ. ಮತ್ತೆ ಚಾಲೂ ಮಾಡಿದ. ಗಾಲಿ ಸೋಮಾರಿಯಾಗಿ ಅಲುಗಿತು. ಕ್ಲಚ್ ಹಿಡಿದ ಕೂಡಲೇ ನಿಂತಿತು. ಯಲ್ಲಾರಿ ತಾನಾಗಿಯೇ ಹುಟ್ಟು ಸರಿಸಿ ದಾರಿ ಕೊಟ್ಟ.

ಹೊಳೆ ದಾಟಿ, ಕಣಿವೆಯ ಅಂಚಿನಲ್ಲಿ ಏರಿ, ಸಂಜೆಯ ಬಿಸಿಲಿರುವಾಗಲೇ ಹಟ್ಟಿ ಮುಟ್ಟಿದರು. ಕಂಬಳಿ ಬಿಚ್ಚಿದರೆ, ಅಡಿಕೆಯಷ್ಟು ಬರ್ಫ ಇನ್ನೂ ಉಳಿದಿತ್ತು. ಲಸಿಕೆಯನ್ನು ತಣ್ಣೀರ ಒರತೆಯಲ್ಲಿಟ್ಟು, ಕತ್ತಲಾಗುವುದರೊಳಗೆ ಮುನ್ನೂರಕ್ಕೂ ಸೂಜಿ ಚುಚ್ಚಿದರು.

ವಾರವಾದರೂ ಒಂದೂ ಕುರಿ ಬೇನೆ ಬೀಳಲಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಇಬ್ಬರೂ ಗೋಕಾಕಕ್ಕೆ ಮರಳಿ ಹೊರಟರು. ಬಾಜೂಗಾಡಿಯಲ್ಲಿ ಮುದಕವ್ವ ಕೊಟ್ಟ ಕುರಿಮರಿ. ನಾವೆಗೆ ಇಳಿಯುವ ದಾರಿಯಲ್ಲಿ ಉದ್ದಪ್ಪ ಕ್ಲಚ್ ಹಿಡಿದ. ಗಾಡಿ ನೀರಿಗೆ ಗೇಣಳತೆ ಹಿಂದೆಯೇ ನಿಂತಿತು.

"ನವಮಿ ಮತ್ತ ಬರತೈತಿ, ಅಲ್ಲಪ್ಪಣ್ಣಾ," ಯಲ್ಲಾರಿ ನಾವೆಯಿಂದಲೇ ಕೂಗಿದ.

"ಬರಲಿ. ಮುಂದಿನ ಸಲ ಬರೇ ಕುಂಕುಮ ಹಚ್ಚತೇನಿ!"

ಕುರಿಮರಿ ಕೆಳಗೆ ಹಾರಿತು. ಗುಡುಗುಡು ಎನ್ನುತ್ತಿದ್ದ ಗಾಡಿಯ ಗಾಲಿಗೂ ಹೊಳೆಗೂ ನಡುವಿನ ಆ ಗೇಣಗಲ ಜಾಗದಲ್ಲಿ ನಿಂತು, ನಿಧಾನವಾಗಿ ನೀರು ಕುಡಿಯಿತು.