ಹಸಿರಿಗೆ ಬರೆದ ಕಣ್ಣು

ಜಾಸ್ಮೀನ ಬರೆದಿದ್ದ ಹಸಿರು ಚಿತ್ರಕ್ಕೆ ಅಮೃತಾ ಕಣ್ಣು ಬರೆದಳು. ಆಮೇಲೆ ಕೆಂಪು ಕೊಕ್ಕನ್ನೂ ಬರೆದಳು. ಜಾಸ್ಮೀನ ನೀರು ಕುಡಿಯಲು ಹೋಗಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

"ಈಗ ನೋಡು, ಗಿಣಿ ಆತು!" ಎಂದರು ರೇಣುಕಾದೇವಿ ಟೀಚರ್. "ನಾಳೆ ಪ್ರದರ್ಶನಕ್ಕ ಸಾಹೇಬ್ರು ಬರ್ತಾರ. ಇದೇನ್ರಿ ಅಂತ ಕೇಳಿದ್ರ ನಾ ಏನ್ ಹೇಳ್ಬೇಕಿತ್ತು?"

ಅಮೃತಾ ಹಿಗ್ಗಿದಳು. ಆನೆಗೊಂದಿಯ ಆ ಶಾಲೆಯಲ್ಲಿ ಡ್ರಾಯಿಂಗ್ ಅಂದರೆ ಅವಳೇ.

ಜಾಸ್ಮೀನಳ ತಾಯಿ ಬಾಳೆನಾರಿನ ಬುಟ್ಟಿ ಹೆಣೆಯುತ್ತಾಳೆ. ನಾರಿಗೆ ಹಾಕಿ ಉಳಿದ ಬಣ್ಣದ ನೀರು ಮಗಳ ಪಾಲು. ಚೂರುಪಾರು ನಾರನ್ನೇ ಕುಂಚದಂತೆ ಕಟ್ಟಿಕೊಂಡು ಜಾಸ್ಮೀನ ಅಂಗೈಯಗಲದ ರಟ್ಟಿನ ಮೇಲೆ ಎಳೆಯುತ್ತಾಳೆ. ಮನೆಯಿಲ್ಲ, ಮರವಿಲ್ಲ, ಬರೀ ಬಣ್ಣ. ಹಸಿರೊಳಗೆ ಹಳದಿ ನುಸುಳಿದರೆ ತನ್ನಷ್ಟಕ್ಕೆ ತಾನೇ ನಗುತ್ತಾಳೆ.

ಈಗ ಬಂದು ನೋಡಿದವಳು ನಗಲಿಲ್ಲ.

"ಯಾರ್ ಮಾಡಿದ್ದು?"

"ನಾನ. ಗಿಣಿ ಛಲೋ ಐತಿಲ್ಲ?"

"ಅದು ಗಿಣಿ ಅಲ್ಲ."

"ಮತ್ತೇನು?"

"ಏನೂ ಅಲ್ಲ. ಹಂಗ ಹಚ್ಕೋತ ಕುಂತ್ರ ಖುಷಿ ಆಗ್ತಿತ್ತು."

"ಏ ಗಿಣಿ, ಮೆಣಸಿನಕಾಯಿ ಬೇಕೇನು?" ಹಿಂದಿನ ಬೆಂಚಿನಿಂದ ಮಾಂತೇಶ ಕೂಗಿದ. ಇಡೀ ಕ್ಲಾಸು ನಕ್ಕಿತು.

ಜಾಸ್ಮೀನ ನಾರಿನ ಕುಂಚವನ್ನೂ ಬಣ್ಣದ ಬಾಟಲಿಯನ್ನೂ ಅಮೃತಾಳ ಮುಂದಿಟ್ಟಳು. "ನೀನ ಇಟ್ಕೊ. ನನಗ ಬ್ಯಾಡ."

ಬಿಡುವಿನಲ್ಲಿ ಅಮೃತಾ ಬೆರಳು ಒದ್ದೆ ಮಾಡಿಕೊಂಡು ಗಿಣಿಯ ಕಣ್ಣನ್ನು ಉಜ್ಜಿದಳು. ಸುತ್ತಲಿನ ಹಸಿರು ಕಿತ್ತು ಬಂತು. ಸ್ಕೆಚ್ ಪೆನ್ನಿನ ಕಪ್ಪು ಕಣ್ಣು ಅಲ್ಲಾಡಲಿಲ್ಲ.

ಏನೂ ತೋಚದೆ ನಾರಿನ ಕುಂಚವನ್ನು ಬಣ್ಣದಲ್ಲಿ ಅದ್ದಿ ಒಂದು ಖಾಲಿ ರಟ್ಟಿನ ಮೇಲೆ ಎಳೆದಳು. ಒಂದೇ ಎಳೆತಕ್ಕೆ ಕೂದಲಿನಂಥ ನೂರಾರು ಗೆರೆ! ಇನ್ನೊಂದು ಸಲ ಎಳೆದಳು. ಮತ್ತೊಂದು ಸಲ. ಗಂಟೆ ಹೊಡೆದದ್ದೂ ಕೇಳಿಸಲಿಲ್ಲ. ತಾನು ಏನು ಬರೆಯುತ್ತಿದ್ದೇನೆ ಎಂಬ ಪ್ರಶ್ನೆ ಅವಳಿಗೆ ಒಮ್ಮೆಯೂ ಬಂದಿರಲಿಲ್ಲ.

ಪಕ್ಕದಲ್ಲಿ ಗಿಣಿ ಅವಳನ್ನೇ ನೋಡುತ್ತಿತ್ತು.

ಟೀಚರ್ ಜಾಸ್ಮೀನಳ ಉಳಿದ ರಟ್ಟುಗಳನ್ನು ತಂದು ಅಮೃತಾಳ ಮುಂದೆ ಹರಡಿದರು. "ಅಮೃತಾ, ಈ ನೀಲಿಗೆ ಬಾಲ ಹಚ್ಚು, ಮೀನಾಗ್ಲಿ. ಈ ಕೆಂಪಿಗೆ ದೇಟು ಹಾಕು, ಹೂವಾಗ್ತೈತಿ. ಲಗೂನ ಮುಗಸು."

ಅಮೃತಾ ಜಾಸ್ಮೀನಳ ಕಡೆ ನೋಡಿದಳು. ಅವಳು ಕಿಟಕಿಯತ್ತ ಮುಖ ಮಾಡಿದ್ದಳು, ತಿರುಗಲಿಲ್ಲ.

ಅಮೃತಾ ಸ್ಕೆಚ್ ಪೆನ್ನಿಗೆ ಕ್ಯಾಪ್ ಹಾಕಿದಳು.

"ನಾ ಒಲ್ಲೆರಿ, ಟೀಚರ್."