ಪೆಟ್ಟಿಗೆ ದಾಟಿ ಬಂದ ದನಿ

"ನಾಕ ದಿನ ಅದಾವ್ರಿ. ಅಷ್ಟರೊಳಗ ನಮ್ಮವ್ವನ ಹಾಡು ರೆಕಾರ್ಡ್ ಆಗಬೇಕು. ಆಮ್ಯಾಲ ಆಕಿಗೆ ದನಿ ಇರೂದಿಲ್ಲ."

ಬಾಗಿಲಲ್ಲಿ ನಿಂತು ಮಹೇಶ್ವರಿ ಆಡಿದ ಮೊದಲ ಮಾತೇ ಇದು.

ಸಂಗಮೇಶ ಅವಳ ಮುಖ ನೋಡಿದ. ಹುನಗುಂದದ ಕೋರ್ಟಿನಲ್ಲಿ ಟೈಪಿಸ್ಟ್ ಅವಳು. ಯಾರದೋ ಅರ್ಜಿ ಓದಿದ ಹಾಗೆ ಓದಿ ಮುಗಿಸಿದ್ದಳು. ಕಣ್ಣು ಒಣಗಿದ್ದವು.

"ಒಳಗ ಬರ್ರಿ," ಎಂದಷ್ಟೇ ಹೇಳಿದ.

ಬಾದಾಮಿಯ ಆ ಮನೆಯ ಹಿಂದಿನ ಕೋಣೆಯೇ ಅವನ ಸ್ಟುಡಿಯೋ. ದನಿ ಗೋಡೆಗೆ ಬಡಿದು ಮರಳದಿರಲೆಂದು ಸುತ್ತಲೂ ಹಳೆಯ ಕೌದಿಗಳನ್ನು ಇಳಿಬಿಟ್ಟಿದ್ದ. ಒಂದು ಮೈಕು, ಒಂದು ಕಂಪ್ಯೂಟರು. ಇವೆರಡರ ನಡುವೆ ಹಿಂದಿನ ದಿನವಷ್ಟೇ ಬಂದ ಕಬ್ಬಿಣದ ಪೆಟ್ಟಿಗೆ.

"ಇದು ಕಂಪ್ರೆಸರ್ ಬೇ," ಎಂದ ಸಂಗಮೇಶ.

"ಪಂಚರ್ ಅಂಗಡ್ಯಾಗ ಇರ್ತೈತಲ್ಲ ತಮ್ಮಾ, ಅದ? ನನಗೇನ ಗಾಳಿ ಹೊಡೀತೀ?" ಮಗಳ ಹಿಂದೆ ಒಳಬಂದು ಕುರ್ಚಿಯಲ್ಲಿ ಕೂರುತ್ತ ಮಹೇಶ್ವರಿಯ ಅವ್ವ ನೀಲಾಬಾಯಿ ಕೇಳಿದಳು. ಮಾತಾಡಿದರೆ ದನಿ ಒಡೆಯುತ್ತಿತ್ತು. ಗಂಟಲಲ್ಲಿ ಗಡ್ಡೆ.

ಅವನು ನಕ್ಕ. "ಗಾಳಿ ಅಲ್ಲಬೇ. ದನಿ ಭಾಳ ಏರಿದ್ರ ಇದು ಒತ್ತಿ ಹಿಡೀತೈತಿ. ಸಣ್ಣ ದನಿ ಇದ್ರ ಮ್ಯಾಲ ಎತ್ತತೈತಿ."

ಗುಳಿಗೆ ತರಲು ಮಹೇಶ್ವರಿ ಹೊರಗೆ ಹೋಗಿ ಬಂದಳು. ಅಷ್ಟರಲ್ಲಿ ಪೆಟ್ಟಿಗೆಯ ಗುಂಡಿಗಳನ್ನೆಲ್ಲ ಅವನು ಹೊಂದಿಸಿ ಮುಗಿಸಿದ್ದ.

ನೀಲಾಬಾಯಿ ಹಾಡಿದಳು. ಮಾತಿಗೆ ಸಾಲದ ಗಂಟಲು ಹಾಡಿಗೆ ಎಲ್ಲಿಂದಲೋ ತುಂಬಿಕೊಂಡು ಬಂತು! ಸೋಬಾನೆಯ ಪದ, ಬೀಸುವ ಪದ, ಒಟ್ಟು ನಾಲ್ಕು. ಪೆಟ್ಟಿಗೆಯ ಮೇಲಿನ ಮುಳ್ಳು ಮೊದಲ ಸಾಲಿಗೇ ಕೆಳಗೆ ಬಿದ್ದು ಅಲ್ಲೇ ಮಲಗಿತು. ಮಹೇಶ್ವರಿಗೆ ಅದು ಕಂಡಿತು. ಹಾಗೇ ಇರುತ್ತದೇನೋ ಅಂದುಕೊಂಡಳು.

ನಾಲ್ಕನೆಯ ದಿನ ಬಾಗಲಕೋಟೆಯಲ್ಲಿ ಆಪರೇಶನ್ ಆಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆದರು.

ಸಂಗಮೇಶ ವಾರಕ್ಕೊಮ್ಮೆಯಂತೆ ಎರಡು ಸಲ ಆಸ್ಪತ್ರೆಗೆ ಬಂದ. ಹಣ್ಣಿನ ಚೀಲ ಕೊಟ್ಟು ಹೊರಗಿನ ಬೆಂಚಿನ ಮೇಲೆ ಅವಳ ಪಕ್ಕ ಸುಮ್ಮನೆ ಕುಳಿತ. 'ಧೈರ್ಯ ತಗೋರಿ' ಎಂದು ಹೇಳದವನು ಅವನೊಬ್ಬನೇ. ಮೂರನೆಯ ವಾರ ಅವಳು ಆ ಖಾಲಿ ಬೆಂಚಿನ ಕಡೆಗೆ ತಿರುತಿರುಗಿ ನೋಡುತ್ತಿದ್ದಳು. ಅದು ಯಾಕೆಂದು ಮಾತ್ರ ಯೋಚಿಸಲಿಲ್ಲ. ಯೋಚಿಸುವ ಜಾಗವೇ ಮರಗಟ್ಟಿತ್ತು.

ಇಳಕಲ್ಲಿನ ಮನೆಗೆ ಮರಳಿದ ಮೇಲೆ ಒಂದು ಸಂಜೆ ಇಯರ್‌ಫೋನ್ ಹಾಕಿಕೊಂಡು ಆ ಹಾಡುಗಳನ್ನು ಕೇಳಿದಳು.

ಅವ್ವನೇ ಹೌದು... ಆದರೆ ಅವ್ವನಲ್ಲ! ಏರಬೇಕಾದಲ್ಲಿ ಏರುತ್ತಿಲ್ಲ, ಇಳಿಯಬೇಕಾದಲ್ಲಿ ಇಳಿಯುತ್ತಿಲ್ಲ. ಉಸಿರೂ ಕೂಗೂ ಒಂದೇ ಎತ್ತರ. ಇಸ್ತ್ರಿ ಹಾಕಿ ಮಡಿಚಿಟ್ಟ ದನಿ.

ಸಂಗಮೇಶನಿಗೆ ಫೋನು ಹಚ್ಚಿದಳು.

"ಇದನ್ನ ಸರಿ ಮಾಡ್ರಿ."

"ಆಗೂದಿಲ್ರಿ. ಪೆಟ್ಟಿಗಿ ದಾಟಿ ಬಂದದ್ದಷ್ಟ ಕಂಪ್ಯೂಟರಿನ್ಯಾಗ ಕುಂತೈತಿ. ಮೊದಲಿನ ದನಿ ಎಲ್ಲೂ ಉಳದಿಲ್ಲ. ಗುಂಡಿ ತಪ್ಪು ಇಟ್ಟೆ."

"ಹೊಸಾ ಆಟಿಗಿ ಬಂದಿತ್ತು, ಆಡಿದ್ರಿ. ಅಷ್ಟ ಹೌದಲ್ರಿ?"

"...ತಪ್ಪು ನಂದರಿ."

"ಇನ್ನ ಮ್ಯಾಲ ಫೋನ್ ಮಾಡಬ್ಯಾಡ್ರಿ."

ಅವನು ಮಾಡಲಿಲ್ಲ.

ಅವಳು ಅಳಲಿಲ್ಲ. ಬೋಗುಣಿ ತಿಕ್ಕಿದಳು. ಬೆಳಗ್ಗೆ ಬಸ್ಸು ಹತ್ತಿ ಕೋರ್ಟಿಗೆ ಹೋದಳು. ಅವ್ವನ ಕುತ್ತಿಗೆಯ ನಳಿಗೆ ಸ್ವಚ್ಛ ಮಾಡಿದಳು. ಹೀಗೆ ನಲವತ್ತು ದಿನ.

ನೀಲಾಬಾಯಿಗೆ ಈಗ ಒಂದು ಪಾಟಿ, ಒಂದು ಬಳಪ. ಒಂದು ಭಾನುವಾರ ಬೆಳಗ್ಗೆ ಅದರ ಮೇಲೆ ಬರೆದು ಮಗಳ ಮುಂದೆ ಹಿಡಿದಳು: 'ಸಂಗಮೇಶ ಯಾಕ ಬರವಲ್ಲ?'

ಮಹೇಶ್ವರಿ ನಡೆದದ್ದೆಲ್ಲ ಹೇಳಿದಳು. ಹೇಳುತ್ತಿದ್ದಂತೆಯೇ ನೀಲಾಬಾಯಿ ಸೆರಗಿನಿಂದ ಪಾಟಿ ಒರೆಸಿ ಕರಕರ ಬರೆಯತೊಡಗಿದಳು. 'ಹುಚ್ಚಿ'. ಒರೆಸಿದಳು. 'ಗುಂಡಿ ಇಡಾಕ ಮೊದಲ ನಾ ಒಂದು ಹಾಡು ಪೂರಾ ಹಾಡಿ ತೋರಸಬೇಕಿತ್ತು. ಕೆಮ್ಮು ಬಂತು. ನೀ ಗುಳಗಿ ತರಾಕ ಹೋಗಿದ್ದಿ'. ಒರೆಸಿದಳು. 'ಬ್ಯಾಡಬೇ, ಗಂಟಲಾ ಉಳಸ್ಕೋರಿ ಅಂತ ತಾನ ಹಾಡಿ ಗುಂಡಿ ಇಟ್ಟ. ಅವನ ದನಿ ಬೆಕ್ಕಿನ ದನಿ, ನನ್ನ ದನಿಗೆ ಹೊಂದಲಿಲ್ಲ'.

ಹೊಸ್ತಿಲಲ್ಲಿ ಕುಳಿತಿದ್ದ ಪಕ್ಕದ ಮನೆಯ ಹುಚ್ಚವ್ವ ಇಣುಕಿದಳು. "ದನಿ ಹೋದ್ರೂ ಬೈಗಳಾ ನಿಂತಿಲ್ಲ ನೋಡ ಈಕೀವು!"

ಮಹೇಶ್ವರಿ ಎದ್ದು ಚಪ್ಪಲಿ ಮೆಟ್ಟಿದಳು.

ಹುನಗುಂದದಲ್ಲಿ ಬಸ್ಸು ಬದಲಿಸಿ ಬಾದಾಮಿ ಮುಟ್ಟುವಾಗ ಮಧ್ಯಾಹ್ನ ಎರಡು. ಬಾಗಿಲು ತೆರೆದ ಸಂಗಮೇಶ ಗಡ್ಡ ಬಿಟ್ಟಿದ್ದ. ಅವಳನ್ನು ಕಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಯಾಕ ಹೇಳಲಿಲ್ರಿ?"

"ಹೇಳಿದ್ರ ನೆವ ತಗದಂಗ ಆಗ್ತಿತ್ತು. ನಿಮ್ಮವ್ವನ ಹಾಡಂತೂ ಹೊಳ್ಳಿ ಬರ್ತಿರಲಿಲ್ಲ." ಹೆಡ್‌ಫೋನ್ ಎತ್ತಿಕೊಂಡ. "ನಾನೇ ಬರಬೇಕಂತ ಮಾಡಿದ್ದೆ. ಧೈರ್ಯ ಆಗಲಿಲ್ಲ. ಇದನ್ನ ಕೇಳ್ರಿ."

ಮೊದಲು ಏನೂ ಇಲ್ಲ. ಒಂದು ಸೀರೆಯ ಸರಸರ. ದೂರದಲ್ಲಿ ರೈಲಿನ ಸಿಳ್ಳೆ. ಆಮೇಲೆ...

'ಅತ್ತರ ಅಳು ನನ ಕೂಸ, ಅಂಗಳದಾಗ ಅದೇನಿ ನಾ...'

ಜೋಗುಳ!

ರೆಕಾರ್ಡಿನ ದಿನ ಎರಡು ಸಲ ಕೇಳಿಕೊಂಡಿದ್ದಳು ಮಹೇಶ್ವರಿ, ಜೋಗುಳ ಒಂದು ಹಾಡವ್ವ ಎಂದು. ಎರಡು ಸಲವೂ ನೀಲಾಬಾಯಿ ಒಪ್ಪಿರಲಿಲ್ಲ. ಬರಿದು ತೊಟ್ಟಿಲು ತೂಗಬಾರದು, ಕೂಸಿಲ್ಲದ ಕಡೆ ಜೋಗುಳ ಹಾಡಬಾರದು ಎಂದು ನಂಬಿದ ಜೀವ ಅದು.

"ಮೂರನೇ ಹಾಡು ಮುಗದ ಮ್ಯಾಲ ನೀವು ನೀರ ತರಾಕ ಎದ್ರಿ, ನಾ ಹೊರಗ ಬೊಗಳೂ ನಾಯಿ ಓಡಸಾಕ ಹೋದೆ," ಸಂಗಮೇಶ ಮೆಲ್ಲಗೆ ಹೇಳಿದ. "ಮಿಶನ್ ನಿಂತೈತಿ ಅಂದ್ಕೊಂಡು ತಮ್ಮಷ್ಟಕ್ಕ ಗುಣುಗುಣು ಮಾಡ್ಯಾರ. ಗುಂಡಿ ಸರಿ ಇದ್ದಿದ್ರ ಇದು ಕೇಳತಿರಲೇ ಇಲ್ಲ. ತಪ್ಪು ಇಟ್ಟದ್ದಕ್ಕ ಇಷ್ಟ ಸಣ್ಣ ದನೀನೂ ಎತ್ತಿ ತಂದೈತಿ. ಸೊರಸೊರ ಅನ್ನೂದೂ ಜೋಡೀನ ಎದ್ದು ಬಂದಿತ್ತು. ಅದನ್ನ ತಗೀಲಿಕ್ಕೆ ನಲವತ್ತ ದಿನ ಆತು."

ಜೋಗುಳದ ಕೊನೆಗೆ ಅವ್ವ 'ಮಹೇಶಿ' ಎಂದಳು. ಅಷ್ಟೇ. ಆಮೇಲೆ ಬಾಗಿಲ ಸದ್ದು.

ಮಹೇಶ್ವರಿಯ ಕಣ್ಣಿನಲ್ಲಿ ನೀರು ಬರಲಿಲ್ಲ. ಮೂಗಿನ ತುದಿ ಮಾತ್ರ ಚುರುಚುರು ಅಂದಿತು, ಬಹಳ ಹೊತ್ತು ಜೋಮು ಹಿಡಿದ ಕಾಲಿಗೆ ರಕ್ತ ಹರಿದಂತೆ.

"ಇನ್ನೊಮ್ಮೆ ಹಚ್ರಿ."

ಹಚ್ಚಿದ. ಮತ್ತೊಮ್ಮೆ. ನಾಲ್ಕನೆಯ ಸಲ ಮುಗಿದಾಗ ಅವಳೇ ಹೆಡ್‌ಫೋನ್ ತೆಗೆದಳು.

"ಮುಳ್ಳು ಬಿದ್ದಿತ್ತಲ್ರಿ. ನಾ ನೋಡೇನಿ. ನಿಮಗ ಕಾಣಲಿಲ್ಲೇನು?"

ಅವನು ತಲೆ ತಗ್ಗಿಸಿದ. "ಅದ ಖರೇ ತಪ್ಪು. ನಿಮ್ಮವ್ವಾರಿಗೂ ಗೊತ್ತಿಲ್ಲ. ನಾ ಮುಳ್ಳು ನೋಡಲೇ ಇಲ್ರಿ... ನಿಮ್ಮನ್ನ ನೋಡಾಕತ್ತಿದ್ದೆ. ರೆಪ್ಪಿ ಬಡೀದ ಕುಂತಿದ್ರಿ. ಎಲ್ಲಿ ಬೀಳ್ತೀರೋ ಅಂತ ಅಂಜಿಕಿ ಬಂದಿತ್ತು. ಆವತ್ತಿನಿಂದ ಬರೇ ನಿಮ್ಮದ ಧ್ಯಾಸ."

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬೇರೆ ಏನೋ, ಹೆಸರಿಲ್ಲದ್ದು, ನಿಧಾನವಾಗಿ ಬರುತ್ತಿತ್ತು.

"ನನಗ ಈಗೀಗ ಅಳೂನೂ ಬರೂದಿಲ್ಲ, ನಗೂನೂ ಬರೂದಿಲ್ರಿ," ಎಂದಳು. "ಇಂಥಾಕಿನ್ನ ಕಟ್ಟಿಕೊಂಡು ಏನ ಮಾಡ್ತೀರಿ?"

"ಬಾಜೂಕ ಕುಂದರ್ತೇನಿ. ದವಾಖಾನ್ಯಾಗ ಕುಂತಂಗ."

ಮಹೇಶ್ವರಿ ಎದ್ದು ಚೀಲ ಹೆಗಲಿಗೇರಿಸಿದಳು.

"ಏಳ್ರಿ. ಗಡ್ಡ ಬೋಳಿಸ್ಕೊರಿ. ಅವ್ವಗ ಇದನ್ನ ನೀವ ಕೇಳಸ್ಬೇಕು."

"ಇವತ್ತ? ಈಗ ಇಳಕಲ್ಲಿಗೆ ಬಂದ್ರ ಹೊಳ್ಳಿ ಬರಾಕ ಬಸ್ಸ ಇರೂದಿಲ್ರಿ."

ಅವಳು ಮೇಜಿನ ಮೇಲಿನ ಹೆಡ್‌ಫೋನನ್ನು ಎತ್ತಿ ತನ್ನ ಚೀಲದೊಳಗೆ ಇಟ್ಟುಕೊಂಡಳು.

"ಹೊಳ್ಳಿ ಹೋಗ್ರಿ ಅಂತ ಯಾರ ಹೇಳ್ಯಾರ ನಿಮಗ?"