ಇರ್ಮಾಳ ನಲವತ್ತನೇ ದಿನ

ಲ್ಯೂಬೆನ್ ನಾನು ಕೆಲಸ ಮಾಡುವ ಪ್ರಿಂಟಿನಂಗಡಿಯೊಳಗೆ ಬಂದು, "ಒಂದು ಸಾವಿನ ಚೀಟಿ ಪ್ರಿಂಟ್ ಆಗ್ಬೇಕಿತ್ತು" ಎಂದಾಗ ನನಗೆ ಮೊದಲು ಹೊಳೆದದ್ದು ಅವನ ತಾಯಿ. ಅವನಿಗೆ ಇದ್ದದ್ದು ಅವಳೊಬ್ಬಳೇ.

"ಯಾರು ಹೋದ್ರು?" ತಲೆ ಎತ್ತದೆ ಕೇಳಿದೆ.

"ಇರ್ಮಾ. ಇಪ್ಪತ್ತೊಂದು ವರ್ಷ."

ಡ್ಯಾನ್ಯೂಬ್ ಹೊಳೆಯ ದಂಡೆಯ ನಮ್ಮ ವಿದಿನ್ ಊರಿನಲ್ಲಿ ಇಪ್ಪತ್ತೊಂದರವರು ಸಾಯುವುದಿಲ್ಲ, ಊರು ಬಿಟ್ಟು ಹೋಗುತ್ತಾರೆ. ನಮ್ಮ ಗೋಡೆ, ಬಾಗಿಲು, ದೀಪದ ಕಂಬಗಳ ಮೇಲಿರುವುದೆಲ್ಲ ಮುದುಕರ ಮುಖಗಳು. ಸತ್ತ ದಿನಕ್ಕೊಂದು ಚೀಟಿ, ನಲವತ್ತನೇ ದಿನಕ್ಕೊಂದು, ಆರು ತಿಂಗಳಿಗೊಂದು, ವರ್ಷಕ್ಕೊಂದು. ಹದಿನೈದಕ್ಕೆ ಶಾಲೆ ಬಿಟ್ಟ ಮೇಲೆ ನಾನು ಮಾಡಿಕೊಂಡು ಬಂದ ಕೆಲಸ ಅದೇ. ಆ ಮುಖಗಳನ್ನು ಕಪ್ಪು ಚೌಕಟ್ಟಿನೊಳಗೆ ನೆಟ್ಟಗೆ ಕೂರಿಸುತ್ತೇನೆ.

ಅವನು ಮೆಲ್ಲಗೆ ನಕ್ಕು ನನ್ನ ಕಂಪ್ಯೂಟರಿನ ಕಡೆ ಬೆರಳು ತೋರಿಸಿದ. "ಇವಳೇ. ಇಪ್ಪತ್ತೊಂದು ವರ್ಷ ನಡೆಸಿ, ನಿನ್ನೆ ಕಂಪನಿಯವರು ನಿಲ್ಲಿಸಿಬಿಟ್ರು. ಇನ್ಮೇಲೆ ಹೊಸದು ಬರಲ್ಲ."

ಇರ್ಮಾ ಎಂದರೆ ನಾನು ದಿನವಿಡೀ ಚೀಟಿ ಜೋಡಿಸುವ ಸಾಫ್ಟ್‌ವೇರ್. ಟಾಲ್ಮೊರಾ ಎಂಬ ದೊಡ್ಡ ಕಂಪನಿಯದು. ಒಂದು ಕಾಲದಲ್ಲಿ ಅವರು ಎಲ್ಲದಕ್ಕೂ ಹೆಣ್ಣಿನ ಹೆಸರಿಡುತ್ತಿದ್ದರು. ತೆರೆದರೆ ಮೊದಲು ಕಾಣುವುದು ತುರುಬು ಕಟ್ಟಿ, ತಲೆ ತಗ್ಗಿಸಿ ಬರೆಯುತ್ತಿರುವ ಹುಡುಗಿಯೊಬ್ಬಳ ಕಪ್ಪು ನೆರಳು.

ಲ್ಯೂಬೆನ್ ಬಂದರಿನ ಕಚೇರಿಯಲ್ಲಿ ಗುಮಾಸ್ತ. ಉಳಿದ ಹೊತ್ತೆಲ್ಲ ಇಂಟರ್ನೆಟ್ಟಿನಲ್ಲಿ ಟಾಲ್ಮೊರಾದ ಬಗ್ಗೆ ಬರೆಯುತ್ತಿದ್ದ. ಹನ್ನೆರಡು ವರ್ಷದಿಂದ ಆ ಒಂದೇ ವಿಷಯ. ಪ್ರತಿ ಗುರುವಾರ ಏನಾದರೊಂದು ಹಾಳೆ ಹಿಡಿದು ಬರುತ್ತಿದ್ದ, ಪಕ್ಕದಲ್ಲಿ ನಿಂತು ನನ್ನ ಬೆರಳುಗಳನ್ನೇ ನೋಡುತ್ತಿದ್ದ. ನಾನು ಕಾಫಿ ಲೋಟದ ಹಿಂದಿನಿಂದ ಅವನ ಬೂಟುಗಳನ್ನು ನೋಡುತ್ತಿದ್ದೆ. ಅಷ್ಟು ಮಾತ್ರ ನನ್ನ ಧೈರ್ಯ.

"ಮೊದಲು ಟಾಲ್ಮೊರಾದವರು ಒಳ್ಳೇ ಉಪಕರಣ ಕೈಗೆ ಕೊಟ್ಟು ಪಕ್ಕಕ್ಕೆ ಸರಿದು ನಿಲ್ತಿದ್ರು" ಎಂದ. "ಈಗ ನಮ್ಮ ಕುರ್ಚೀಲೇ ಕೂರೋಕೆ ಬರ್ತಾರೆ. ನಾವು ಯೋಚಿಸೋಕೆ ಮುಂಚೆ ಅವರ ಸಾಫ್ಟ್‌ವೇರೇ ಬರೆದಿಟ್ಟಿರುತ್ತೆ."

"ಜನ ಬೈತಾರಾ?"

"ಬೈದಿದ್ರೆ ಪರವಾಗಿರ್ಲಿಲ್ಲ. ಬೈಯೋದನ್ನೂ ಬಿಟ್ಟಿದಾರೆ. ಕಂಪನಿ ಹೆಸರು ಕೆಡೋದೇ ಹಾಗೆ, ಸದ್ದಿಲ್ದೆ."

"ಆದ್ರೂ ನಿಮಗೆ ಇಷ್ಟ."

"ಒಂದ್ಸಲ ಮನಸ್ಸು ಕೊಟ್ಮೇಲೆ ವಾಪಸ್ ತಗೊಳ್ಳೋಕೆ ಬರಲ್ಲ ನನಗೆ." ಅದನ್ನು ಪರದೆ ನೋಡಿಕೊಂಡು ಹೇಳಿದ. ಪರದೆಯ ಗಾಜಿನಲ್ಲಿ ನನ್ನ ಮುಖವೂ ಇತ್ತು. ಯಾರಿಗೆ ಹೇಳಿದನೋ ತಿಳಿಯಲಿಲ್ಲ.

ಚೀಟಿ ಚೆನ್ನಾಗಿ ಬಂತು. ಫೋಟೋದ ಜಾಗದಲ್ಲಿ ಆ ನೆರಳು, ಕೆಳಗೆ 'ಇರ್ಮಾ, 21. ಸದ್ದಿಲ್ಲದೆ ದುಡಿದಳು. ಮರೆಯಲಾರೆವು.' ಅವನೇ ಅಂಗಡಿಯೆದುರಿನ ಕಂಬಕ್ಕೆ ಅಂಟಿಸಿ, ತಮಾಷೆಗೆ ಟೋಪಿ ತೆಗೆದು ತಲೆಬಾಗಿದ.

ಮರುದಿನ ಬೆಳಿಗ್ಗೆ ಕಂಬದ ಬುಡದಲ್ಲಿ ಹೂವುಗಳಿದ್ದವು.

ಮೂಲೆಮನೆಯ ಸ್ಟಾನಜ್ಜಿ ಒಳಗೆ ಬಂದು ಕಣ್ಣೊರೆಸಿಕೊಂಡಳು. "ಪಾಪದ ಹುಡುಗಿ. ನಾನು ನೋಡಿದ್ದೆ ಕಣಮ್ಮ ಅವಳನ್ನ. ಕಂದು ಕೋಟು ಹಾಕ್ಕೊಂಡು ಗೋಡೆ ಪಕ್ಕದಲ್ಲೇ ನಡೀತಿದ್ಲು. ಬಾಯೇ ಬಿಡ್ತಿರ್ಲಿಲ್ಲ."

ನನ್ನ ಕಂದು ಕೋಟು ಅವಳ ಹಿಂದೆಯೇ ಮೊಳೆಗೆ ನೇತಾಡುತ್ತಿತ್ತು. ಆಗಲೇ ಹೇಳಬೇಕಿತ್ತು. ನಾನು ಬಾಯಿ ಬಿಡಲಿಲ್ಲ.

ಲ್ಯೂಬೆನ್ ಹೂವುಗಳ ಫೋಟೋ ತೆಗೆದು 'ಇರ್ಮಾಳಿಗಾಗಿ ಒಂದು ಊರಿಗೆ ಊರೇ ಅಳುತ್ತಿದೆ' ಎಂದು ಬರೆದ. ಎಲ್ಲೆಲ್ಲಿನ ಟಾಲ್ಮೊರಾ ಅಭಿಮಾನಿಗಳೋ ಅದನ್ನು ಹಂಚಿಕೊಂಡರು. ಇರ್ಮಾಳನ್ನು ನಿಲ್ಲಿಸುವ ತೀರ್ಮಾನ ಮತ್ತೊಮ್ಮೆ ಪರಿಶೀಲಿಸುತ್ತೇವೆ ಎಂದು ಕಂಪನಿಯಿಂದ ಅವನಿಗೇ ಪತ್ರ ಬಂತು. ಅವನನ್ನು ಅಷ್ಟು ಖುಷಿಯಲ್ಲಿ ನಾನು ಕಂಡಿರಲಿಲ್ಲ.

ಇತ್ತ ಊರು ಇರ್ಮಾಳನ್ನು ನೆನೆಯತೊಡಗಿತು. ಒಬ್ಬರಿಗೆ ಅವಳ ಕೆಮ್ಮು ನೆನಪಿತ್ತು, ಇನ್ನೊಬ್ಬರಿಗೆ ತುರುಬು. ಹೊಳೆಗೆ ಬಿದ್ದಳು ಎಂದು ಯಾರೋ ಅಂದರು. ಬ್ರೆಡ್ಡಿನಂಗಡಿಯವನು, ನಾನು ಅಲ್ಲಿಲ್ಲವೆಂಬಂತೆ, ನನ್ನ ತಲೆಯ ಮೇಲಿಂದ ಕೈ ಚಾಚಿ ಹಿಂದಿನವಳಿಗೆ ಬ್ರೆಡ್ ಕೊಟ್ಟ. ಮೆಟ್ಟಿಲಲ್ಲಿ ಎದುರಾದ ನೆರೆಮನೆಯಾಕೆ ಎದೆಯ ಮೇಲೆ ಶಿಲುಬೆ ಬರೆದುಕೊಂಡು ಪಕ್ಕಕ್ಕೆ ಸರಿದಳು. ಮೂವತ್ತು ದಿನದಲ್ಲಿ ಯಾರೊಬ್ಬರೂ ನನ್ನನ್ನು ಹೆಸರು ಹಿಡಿದು ಕರೆದಿರಲಿಲ್ಲ.

ಗುರುವಾರ ಲ್ಯೂಬೆನ್‌ನನ್ನು ಕೇಳಿದೆ. "ಊರವರಿಗೆ ನಿಜ ಹೇಳ್ತೀರಾ?"

"ಇನ್ನೊಂದ್ಹತ್ತು ದಿನ. ಕಂಪನಿ ತೀರ್ಮಾನ ಮಾಡ್ಲಿ. ಈಗ ಹೇಳಿದ್ರೆ ನಗೆಪಾಟಲಾಗ್ತೀನಿ, ಇರ್ಮಾ ವಾಪಸ್ ಬರೋದೂ ನಿಂತೋಗುತ್ತೆ."

"ಅಷ್ಟರಲ್ಲಿ ನಾನು ಇರ್ತೀನೋ ಇಲ್ವೋ." ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಊರವರು ಹೂಳ್ತಿರೋದು ಅವಳನ್ನಲ್ಲ, ನನ್ನನ್ನ."

ಅವನು ನಗಲು ಹೊರಟ. ಕಣ್ಣು ಮೊಳೆಯ ಮೇಲಿನ ಕೋಟಿಗೆ ಹೋಯಿತು, ಅಲ್ಲಿಂದ ನನ್ನ ತುರುಬಿಗೆ. ನಗು ಅರ್ಧಕ್ಕೇ ನಿಂತಿತು. ಟೋಪಿ ಎತ್ತಿಕೊಂಡು ಹೊರಟುಹೋದ.

ನಲವತ್ತನೇ ದಿನ ಬೆಳಿಗ್ಗೆ ಡ್ಯಾನ್ಯೂಬ್ ಕಡೆಯಿಂದ ದಟ್ಟ ಮಂಜು ಬಂದಿತ್ತು. ಹೆಂಗಸರು ಕಂಬದ ಸುತ್ತ ನೆರೆದಿದ್ದರು, ಸತ್ತವರ ಹೆಸರಿನಲ್ಲಿ ಹಂಚುವ, ಸಕ್ಕರೆ ಕಲಸಿದ ಬೇಯಿಸಿದ ಗೋಧಿಯ ಪಾತ್ರೆ ಹಿಡಿದು. ಅಂಗಡಿ ಬಾಗಿಲು ತೆಗೆಯಲು ಬಂದ ನನ್ನ ಕೈಗೆ ಸ್ಟಾನಜ್ಜಿ ಒಂದು ಬಟ್ಟಲು ಇಟ್ಟಳು.

"ಇರ್ಮಾಳ ಆತ್ಮಕ್ಕೆ. ತಿನ್ನು." ಅವಳ ಕಣ್ಣು ನನ್ನ ಭುಜದ ಆಚೆ ಎಲ್ಲೋ ಇತ್ತು.

ಬೇಡ ಎನ್ನುವ ಹಾಗಿಲ್ಲ. ಆದರೆ ಒಂದು ಕಾಳು ನುಂಗಿದರೂ ನಾನು ಸತ್ತದ್ದು ನಿಜವಾಗಿಬಿಡುತ್ತದೆ ಎಂದು ನನಗೆ ಅನಿಸುತ್ತಿತ್ತು. ಕೈ ತಾನಾಗಿಯೇ ಬಾಯಿಯ ಕಡೆ ಹೊರಟಿತು.

ಯಾರೋ ಬಟ್ಟಲು ಕಿತ್ತುಕೊಂಡರು. ಲ್ಯೂಬೆನ್. ಓಡಿ ಬಂದಿದ್ದ, ಉಸಿರು ಸಿಗುತ್ತಿರಲಿಲ್ಲ.

"ಇರ್ಮಾ ಅನ್ನೋ ಹುಡುಗಿ ಇರ್ಲೇ ಇಲ್ಲ ಅಜ್ಜಿ. ಅದೊಂದು ಸಾಫ್ಟ್‌ವೇರ್. ಚೀಟಿ ಹಾಕಿದ್ದು ನಾನು, ತಪ್ಪಾಯ್ತು. ಕಂಪನಿಗೂ ನಿಜ ಬರೆದು ಹಾಕಿ ಬಂದೆ."

"ಹಂಗಾದ್ರೆ ಆ ಹುಡುಗಿ?"

"ನೀವು ನೋಡ್ತಿದ್ದಿದ್ದು ಇವಳನ್ನ. ಡೆನಿತ್ಸಾ." ನಲವತ್ತು ದಿನದಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. "ಬದುಕಿದಾಳೆ. ನಾನು ವಾರವಾರ ಅಂಗಡಿಗೆ ಬರೋದೇ ಇವಳಿಗೋಸ್ಕರ. ಇವಳಿಗೆ ಹೇಳೋ ಧೈರ್ಯ ಇಲ್ದೆ ಬರೀ ಕಂಪನಿ ವಿಷಯ ಕೊರೀತಿದ್ದೆ."

ಸ್ಟಾನಜ್ಜಿ ಮೊದಲ ಸಲ ನನ್ನ ಮುಖವನ್ನೇ ನೋಡಿದಳು. ತುಂಬ ಹೊತ್ತು ನೋಡಿದಳು.

"ಅಂಗಡಿ ಹುಡುಗಿ. ಸರಿ, ಇವಳು ಗೊತ್ತಾಯ್ತು" ಎಂದಳು ನಿಧಾನವಾಗಿ. "ನಿನ್ನೆ ಮಧ್ಯಾಹ್ನ ಹೊಳೆ ದಂಡೇಲಿ ಬೆನ್ನು ಮಾಡಿ ನಿಂತಿದ್ಲಲ್ಲ, ಅವಳ್ಯಾರು? ಕಂದು ಕೋಟಿಂದ ನೀರು ತೊಟ್ಟಿಕ್ತಿತ್ತು."

ನಿನ್ನೆ ನಾನು ಸಂಜೆಯವರೆಗೂ ಅಂಗಡಿಯಲ್ಲೇ ಇದ್ದೆ. ಕೋಟೂ ನನ್ನ ಜೊತೆಗೇ ಇತ್ತು.

ಹೆಂಗಸರು ಒಬ್ಬೊಬ್ಬರಾಗಿ ಮಂಜಿನೊಳಗೆ ಹೊರಟುಹೋದರು. ಹೂವುಗಳನ್ನು ಅಲ್ಲೇ ಬಿಟ್ಟರು.

ಲ್ಯೂಬೆನ್ ನನ್ನ ಕೈ ಹಿಡಿದು ಮಣಿಕಟ್ಟಿನ ನಾಡಿಯ ಮೇಲೆ ಎರಡು ಬೆರಳಿಟ್ಟ. ಅವನ ಬೆರಳು ತಣ್ಣಗಿದ್ದವು.

"ಏನ್ ಮಾಡ್ತಿದೀರಿ?"

"ಎಣಿಸ್ತಿದೀನಿ. ಸ್ವಲ್ಪ ಸುಮ್ನಿರು, ತಪ್ಪಿಹೋಗುತ್ತೆ."

ನೂರಕ್ಕೆ ನಿಲ್ಲಿಸುತ್ತಾನೆ ಎಂದುಕೊಂಡೆ. ನಿಲ್ಲಿಸಲಿಲ್ಲ. ಹೊಳೆಯ ಕಡೆಯಿಂದ ಒದ್ದೆ ಹೆಜ್ಜೆಯಂಥ ಸದ್ದು ಕೇಳಿತು. ಇಬ್ಬರೂ ತಿರುಗಿ ನೋಡಲಿಲ್ಲ. ಅವನು ಮತ್ತೆ ಒಂದರಿಂದ ಶುರು ಮಾಡಿದ. ಈ ಸಲ ನಾನೂ ಅವನ ಜೊತೆ, ಗಟ್ಟಿಯಾಗಿ, ಎಣಿಸತೊಡಗಿದೆ.